ಡೂಪ್ಲಿಕೇಟ್ ಸಿಂಬಲ್

ಸಿಂಬಲ್ ಮೂಲತಃ ಗ್ರೀಕ್. ಒಡೆದ ಬಿಲ್ಲೆಯ ಎರಡು ಹೋಳು ಕೂಡಿಸಿ ಗುರುತು ಹಿಡಿಯುತ್ತಿದ್ದ ಕಾಲದ ಮಾತು. ಪ್ರೋಗ್ರಾಮಿಂಗಿನಲ್ಲಿ ಅದು ಫಂಕ್ಷನ್ ಅಥವಾ ವೇರಿಯಬಲ್‌ನ ಹೆಸರು. ಫೈಲುಗಳನ್ನು ಬೆಸೆಯುವ ಲಿಂಕರ್‌ಗೆ ಒಂದೇ ಹೆಸರಿನವು ಎರಡು ಸಿಕ್ಕರೆ ಅದು ‘ಡೂಪ್ಲಿಕೇಟ್ ಸಿಂಬಲ್’ ಎಂದು ಕೈಚೆಲ್ಲುತ್ತದೆ. ಇಂಥ ಗೊಂದಲ ಸ್ಥಳನಾಮಗಳಲ್ಲೂ ಉಂಟು: ಗೇರುಸೊಪ್ಪೆ ಎಂದರೆ ಹೊನ್ನಾವರ ತಾಲ್ಲೂಕಿನ ಊರೋ, ಜೋಗದ ಜಲಪಾತವೋ? ಹಳೆಯ ಇಂಗ್ಲಿಷ್ ಬರಹಗಳಲ್ಲಿ ಎರಡೂ ಹೌದು. ಓದುಗ ಸಂದರ್ಭ ನೋಡಿ ತಿಳಿದಾನು, ಲಿಂಕರ್‌ಗೆ ಆ ಜಾಣತನವಿಲ್ಲ.

ಹಲವು ಸಲ ತಪ್ಪು ಹೆಡರ್ ಫೈಲಿನದು: ವೇರಿಯಬಲ್ ಘೋಷಣೆಯಲ್ಲಿ ‘ಎಕ್ಸ್‌ಟರ್ನ್’ ಪದ ಬಿಟ್ಟುಹೋಗಿರುತ್ತದೆ. ಸಿ ಭಾಷೆಯಲ್ಲಿ ಇದನ್ನು ಬಹುಕಾಲ ಸಹಿಸಿಕೊಂಡಿದ್ದ ಜಿಸಿಸಿ ಕಂಪೈಲರ್, 2020ರ 10ನೇ ಆವೃತ್ತಿಯಿಂದ ಬಿಗಿಯಾಯಿತು. ಎಲ್‌ಟಿಒ (ಲಿಂಕ್ ಮಾಡುವಾಗಿನ ಆಪ್ಟಿಮೈಸೇಶನ್) ಬಳಸಿದರೆ ದೂರಿನಲ್ಲಿ ನಿಮ್ಮ ಫೈಲಿನ ಬದಲು ‘ಎಲ್‌ಟ್ರಾನ್ಸ್’ ಎಂಬ ತಾತ್ಕಾಲಿಕ ಫೈಲಿನ ಹೆಸರು ಕಾಣುವುದೂ ಉಂಟು. ಆಗ ಎಲ್‌ಟಿಒ ಇಲ್ಲದೆ ಒಮ್ಮೆ ಕಂಪೈಲ್ ಮಾಡಿ ನೋಡಿ.