ಬಿಚ್ಚಿ ಜೋಡಿಸಬಲ್ಲ ಹೆರಾಲ್ಡ್

ಬ್ರಿಟನ್ನಿನ ಸ್ಟ್ಯಾಂಡರ್ಡ್-ಟ್ರಯಂಫ್ ಕಂಪನಿ 1959ರಲ್ಲಿ ‘ಹೆರಾಲ್ಡ್’ ಎಂಬ ಪುಟ್ಟ ಕಾರನ್ನು ಹೊರತಂದಿತು. ಚಾಸಿ, ಬಾಡಿ ಎರಡೂ ಒಂದೇ ಆಗಿರುವ ಕಾರುಗಳು ಬರತೊಡಗಿದ್ದ ಕಾಲವದು. ಹೆರಾಲ್ಡ್ ಮಾತ್ರ ಹಳೆಯ ಪದ್ಧತಿಗೇ ಮರಳಿತು: ಕೆಳಗೆ ಉಕ್ಕಿನ ಚಾಸಿ, ಅದರ ಮೇಲೆ ಬೋಲ್ಟಿನಿಂದ ಬಿಗಿದ ಬಾಡಿಯ ತುಂಡುಗಳು. ಕಾರಣ ಸರಳ. ಕಂಪನಿಗೆ ಬಾಡಿ ಒದಗಿಸುತ್ತಿದ್ದ ಕಾರ್ಖಾನೆ ಪ್ರತಿಸ್ಪರ್ಧಿಯ ಪಾಲಾಗಿತ್ತು. ತುಂಡುಗಳನ್ನು ಬೇರೆ ಬೇರೆ ಕಡೆ ಮಾಡಿಸಬೇಕಾಯಿತು.

ಆ ಇಕ್ಕಟ್ಟು ನಮಗೆ ಅನುಕೂಲವಾಯಿತೆನ್ನಬೇಕು. ಬಿಡಿಭಾಗ ತರಿಸಿ ಜೋಡಿಸುವುದು ಸುಲಭವಿದ್ದುದರಿಂದ 1961ರಲ್ಲಿ ಮದ್ರಾಸಿನಲ್ಲೇ ‘ಸ್ಟ್ಯಾಂಡರ್ಡ್ ಹೆರಾಲ್ಡ್’ ತಯಾರಾಗತೊಡಗಿತು. ಬ್ರಿಟನ್ನಿನ ಹೆರಾಲ್ಡಿಗೆ ಪಕ್ಕದ ಬಾಗಿಲು ಎರಡೇ. ಆ ದಶಕದ ಕೊನೆಗೆ ಮದ್ರಾಸಿನವರು ನಾಲ್ಕು ಬಾಗಿಲಿಟ್ಟರು. ನಮ್ಮ ದೊಡ್ಡ ಕುಟುಂಬಗಳಿಗೆ ಅದೇ ತಕ್ಕದ್ದು!

ಇಳಕಲ್ಲಿನ ನಮ್ಮ ಮನೆಯಲ್ಲಿರುವುದೂ ಅಂಥದೇ. ಆಗ ಊರಿಗೆ ರೈಲಿರಲಿಲ್ಲ. ಸೀರೆ ವ್ಯಾಪಾರಿಯಾಗಿದ್ದ ಅಜ್ಜ ಗಂಟುಗಳನ್ನು ಅದರಲ್ಲೇ ಬಾಗಲಕೋಟೆ ನಿಲ್ದಾಣಕ್ಕೆ ಒಯ್ಯುತ್ತಿದ್ದರಂತೆ. ಬಾನೆಟ್ಟು ಮಡ್ಗಾರ್ಡ್ ಸಮೇತ ಮುಂದಕ್ಕೆ ಮಗುಚುತ್ತದೆ. ಮಿಸ್ತ್ರಿ ಮುಂದಿನ ಗಾಲಿಯ ಮೇಲೆ ಕುಳಿತೇ ಎಂಜಿನ್ ರಿಪೇರಿ ಮಾಡಬಹುದು. ತಿರುವಿನಲ್ಲಿ ವೇಗ ಮಾತ್ರ ಅದಕ್ಕೆ ಆಗದು: ಹಿಂದಿನ ಗಾಲಿ ಒಳಕ್ಕೆ ಮಡಚಿಕೊಳ್ಳುತ್ತದೆ.

ಹೆರಾಲ್ಡ್ ತಯಾರಿಕೆ 1970ರ ದಶಕದಲ್ಲೇ ನಿಂತಿತು. ಬಿಡಿಭಾಗ ಸಿಗದೆ ಎಷ್ಟೋ ಕಾರುಗಳು ಗುಜರಿ ಸೇರಿದವು. ನಮ್ಮದರ ಚಾಸಿಗೂ ತುಕ್ಕು ಹಿಡಿದಿದೆ. ಮಾರಿಬಿಡೋಣ ಎನ್ನುತ್ತಾನೆ ಅಣ್ಣ. ಬಾಡಿ ಬಿಚ್ಚಿಟ್ಟು ಚಾಸಿಗೆ ವೆಲ್ಡಿಂಗ್ ಮಾಡಿಸೋಣ ಎನ್ನುತ್ತೇನೆ ನಾನು. ಬಿಚ್ಚಲೆಂದೇ ಅಲ್ಲವೇ ಅಷ್ಟು ಬೋಲ್ಟುಗಳಿರುವುದು?