ಎರಡನೇ ಲಿವರಿನ ಸೀಮೆ

ಅರಸೀಕೆರೆಯಿಂದ ಮಾಲೇಕಲ್ಲು ತಿರುಪತಿಯ ಬೆಟ್ಟದ ಬುಡದವರೆಗೆ ಗಾಡಿ ಓಡಿಸುವವನಿಗೆ ಗೇರಿನ ಚಿಂತೆ ಅಷ್ಟಾಗಿ ಇಲ್ಲ. ಅಲ್ಲಿಂದ ಮೇಲಕ್ಕೆ ಸಾವಿರಕ್ಕೂ ಹೆಚ್ಚು ಮೆಟ್ಟಿಲು. ಅದು ಕಾಲಿನ ಕೆಲಸ, ಎಂಜಿನ್ನಿನದಲ್ಲ. ಸುತ್ತ ತೆಂಗಿನ ತೋಟಗಳ ಬಯಲುಸೀಮೆ, ಕೊಬ್ಬರಿ ಚೀಲ ಹೇರಿಕೊಂಡು ಮಂಡಿಗೆ ಬರುವ ದಾರಿಯಲ್ಲಿ ಉಸಿರು ಕಟ್ಟಿಸುವ ಏರುಗಳಿಲ್ಲ. ಬಾಣಾವರ, ಜಾವಗಲ್, ಹಳೇಬೀಡು ದಾಟಿ ಬೇಲೂರಿನಿಂದ ಪಡುವಣಕ್ಕೆ ಹೊರಳಿದರೆ ಕಾಫಿ ತೋಟ, ಕೆಂಪು ಕೆಸರು, ಕಡಿದಾದ ಮಣ್ಣುರಸ್ತೆ. ಹಳೆಯ ಸಣ್ಣ ಸರಕು ಗಾಡಿಗಳ ಗೇರ್‌ಬಾಕ್ಸಿನ ಚರಿತ್ರೆಯನ್ನು ಬರೆಯುವವರು ಕಂಪನಿಗಳ ಪಟ್ಟಿ ನೋಡಿ, ನಮ್ಮಲ್ಲಿ ಆಯ್ಕೆಯೇ ಇರಲಿಲ್ಲ ಎಂದುಬಿಡುತ್ತಾರೆ. ನನ್ನ ವಾದ ಬೇರೆ: ಆಯ್ಕೆ ಇತ್ತು, ಅದನ್ನು ಮಾಡಿಸಿದ್ದು ಈ ದಾರಿ.

ಪಟ್ಟಿಯ ಮಾತು ಸುಳ್ಳೇನಲ್ಲ. ಅಮೆರಿಕದಲ್ಲಿ 1983ರ ಮಾಡೆಲ್ಲಾಗಿ ಬಂದ ಫೋರ್ಡ್ ರೇಂಜರ್ ಎಂಬ ಸಣ್ಣ ಪಿಕಪ್ಪನ್ನು ಕೊಳ್ಳುವವನು ನಾಲ್ಕು ಗೇರಿನ ಮ್ಯಾನ್ಯುವಲ್, ಹೆಚ್ಚಿನ ದುಡ್ಡಿಗೆ ಐದು ಗೇರು ಇಲ್ಲವೇ ಆಟೋಮ್ಯಾಟಿಕ್ ಕೇಳಬಹುದಿತ್ತು. ಅಲ್ಲಿಗೆ ಹೋಗುತ್ತಿದ್ದ ಜಪಾನಿನ ಡಾಟ್ಸನ್, ಟೊಯೊಟಾ ಪಿಕಪ್ಪುಗಳಲ್ಲೂ 1970ರ ದಶಕದಲ್ಲೇ ಆಟೋಮ್ಯಾಟಿಕ್ ಸಿಗುತ್ತಿತ್ತು. ನಮ್ಮಲ್ಲಿ 1969ರ ಟೆಂಪೊ ಮಟಡೋರ್ ಆಗಲಿ, 1988ರ ಟಾಟಾಮೊಬೈಲ್ 206 ಆಗಲಿ, ಮ್ಯಾನ್ಯುವಲ್ ಬಿಟ್ಟು ಬೇರೆ ಮಾತಿಲ್ಲ. ಬಡತನವೇ ಇದಕ್ಕೆ ಕಾರಣ ಎನ್ನುವುದು ಸುಲಭದ ಉತ್ತರ. ಅರ್ಧ ನಿಜವೂ ಹೌದು.

ಉಳಿದರ್ಧಕ್ಕೆ ಜೀಪನ್ನು ನೋಡಬೇಕು. ಮಹೀಂದ್ರ ಕಂಪನಿ 1940ರ ದಶಕದ ಕೊನೆಯಲ್ಲಿ ವಿಲ್ಲೀಸ್ ಜೀಪುಗಳನ್ನು ಇಲ್ಲಿ ಜೋಡಿಸಲು ಶುರುಮಾಡಿತು. ಆ ಹಳೆಯ ಜೀಪಿಗೆ ಮುಂದಕ್ಕೆ ಮೂರೇ ಗೇರು. ಫಸ್ಟ್ ಗೇರಿಗೆ ಸಿಂಕ್ರೊ, ಅಂದರೆ ಗೇರುಗಳ ವೇಗ ಹೊಂದಿಸುವ ಭಾಗ, ಇಲ್ಲದ್ದರಿಂದ ಗಾಡಿ ಪೂರ್ತಿ ನಿಂತ ಮೇಲೆ ಹಾಕಬೇಕು, ಇಲ್ಲವೇ ಡಬಲ್ ಕ್ಲಚ್ ಒತ್ತುವ ಕೈಚಳಕ ಬೇಕು. ಆದರೆ ಗೇರ್‌ಬಾಕ್ಸಿನ ಹಿಂದೆ ಇನ್ನೊಂದು ಪೆಟ್ಟಿಗೆ, ಅದಕ್ಕೆ ಬೇರೆ ಲಿವರುಗಳು. ಒಂದನ್ನು ಎಳೆದರೆ ಮುಂದಿನ ಚಕ್ರಗಳಿಗೂ ಬಲ ಹೋಗುತ್ತದೆ. ಮತ್ತೊಂದನ್ನು ಲೋಗೆ ಹಾಕಿದರೆ ಸಿವಿಲ್ ಜೀಪುಗಳಲ್ಲಿ ಚಕ್ರದ ಎಳೆತ ಸುಮಾರು ಎರಡೂವರೆ ಪಟ್ಟಾಗುತ್ತದೆ, ವೇಗ ಅಷ್ಟೇ ಪಾಲು ಇಳಿಯುತ್ತದೆ. ಹಿಂದೆ ಟ್ರೇಲರ್ ಕಟ್ಟಿ, ಕಾಫಿ ಮೂಟೆ ತುಂಬಿ, ಜೂನ್ ತಿಂಗಳ ಜಾರಿನಲ್ಲಿ ಕ್ಲಚ್ ಪ್ಲೇಟ್ ಸುಡದೆ ಏರು ಹತ್ತುವುದು ಈ ಲಿವರಿನಿಂದಲೇ ಸಾಧ್ಯ. ಫೋರ್‌ವೀಲ್ ಪುಕ್ಕಟೆ ಬರುವಂಥದ್ದಲ್ಲ: ಬೆಲೆ ಹೆಚ್ಚು, ಡೀಸೆಲ್ ಹೆಚ್ಚು, ರಿಪೇರಿ ಹೆಚ್ಚು. ಮಲೆನಾಡಿನ ತೋಟದವರು ಅಷ್ಟನ್ನೂ ತೆತ್ತರು. ಬಯಲಿನ ಕೊಬ್ಬರಿ ವ್ಯಾಪಾರಿಗೆ ಅದರ ಗೊಡವೆ ಬೇಕಿರಲಿಲ್ಲ. ದುಡ್ಡಿಲ್ಲದ್ದೇ ಕಾರಣವಾಗಿದ್ದರೆ ಈ ಭೇದ ಹುಟ್ಟುತ್ತಿರಲಿಲ್ಲ.

ಜೀಪು ಪಿಕಪ್ ಅಲ್ಲವಲ್ಲ ಎಂದು ಆಕ್ಷೇಪಿಸಬಹುದು. ತೋಟದಲ್ಲಿ ಅದು ಮಾಡಿದ ಕೆಲಸ ಪಿಕಪ್ಪಿನದೇ, ಹೆಸರಿಗಾಗಿ ಜಗಳ ಬೇಡ. ಇನ್ನೂ ಗಟ್ಟಿಯಾದ ಆಕ್ಷೇಪ ಒಂದಿದೆ: ಏರಿಗೆ ಲೋ ಗೇರು ಬೇಕೆಂದವರು ಎಡಗಾಲಿಗೆ ಬಿಡುವು ಯಾಕೆ ಕೇಳಲಿಲ್ಲ? ಗಾಡಿ ಕೊಳ್ಳುವವನು ಒಬ್ಬ, ಕ್ಲಚ್ ತುಳಿಯುವವನು ಇನ್ನೊಬ್ಬ ಎಂಬುದೇ ಇದಕ್ಕೆ ಉತ್ತರವೆಂದು ನನಗನ್ನಿಸುತ್ತದೆ. ರೇಂಜರ್ ಕೊಂಡ ಅಮೆರಿಕನ್ ಬಹುಪಾಲು ತಾನೇ ಅದನ್ನು ಓಡಿಸಿದ. ಇಲ್ಲಿ ದುಡ್ಡು ಕೊಟ್ಟದ್ದು ಸಾಹುಕಾರ ಅಥವಾ ಮಂಡಿಯವನು. ಸಂಬಳದ ಡ್ರೈವರಿನ ಮಂಡಿನೋವು ಲೆಕ್ಕಕ್ಕೆ ಬರಲಿಲ್ಲ. ಗಾಡಿ ಕೆಸರಿನಲ್ಲಿ ಹೂತರೆ ನಷ್ಟ ಧಣಿಗೆ, ಕಾಲು ಸೋತರೆ ಕಷ್ಟ ಡ್ರೈವರಿಗೆ.

ಹಾಗಾದರೆ 2005ರ ಟಾಟಾ ಏಸ್? ಅದನ್ನು ಸಾಲ ಮಾಡಿ ಕೊಂಡು ತಾವೇ ಓಡಿಸಿದವರು ಸಾವಿರಾರು ಮಂದಿ, ಅವರಿಗೂ ಸಿಕ್ಕಿದ್ದು ನಾಲ್ಕು ಗೇರಿನ ಮ್ಯಾನ್ಯುವಲ್ಲೇ. ಧಣಿ–ಡ್ರೈವರ್ ವಾದ ಇಲ್ಲಿ ಸಾಲದು, ಒಪ್ಪುತ್ತೇನೆ. ಇಲ್ಲಿ ಎಂಜಿನ್ನನ್ನೇ ಕೇಳಬೇಕು: ಎರಡು ಸಿಲಿಂಡರು, ಸುಮಾರು 700 ಸಿಸಿ, 16 ಎಚ್‌ಪಿ. ಹಳೆಯ ಬಗೆಯ ಆಟೋಮ್ಯಾಟಿಕ್ಕಿನಲ್ಲಿ ಎಂಜಿನ್ನಿಗೂ ಗೇರಿಗೂ ನಡುವೆ ಎಣ್ಣೆ ಸುತ್ತುತ್ತದೆ, ಆ ಸುತ್ತಾಟದಲ್ಲಿ ಒಂದಿಷ್ಟು ಬಲ ಬಿಸಿಯಾಗಿ ಸೋರಿಹೋಗುತ್ತದೆ. ದೊಡ್ಡ ಪೆಟ್ರೋಲ್ ಎಂಜಿನ್ನು ಆ ಸೋರಿಕೆಯನ್ನು ತಾಳಿಕೊಂಡೀತು; ಮುಕ್ಕಾಲು ಟನ್ ಹೊತ್ತ 16 ಕುದುರೆಗಳಿಗೆ ಬಿಟ್ಟುಕೊಡಲು ಏನೂ ಉಳಿದಿರಲಿಲ್ಲ.

ಬಿಡದಿಯ ಟೊಯೊಟಾ ಕಿರ್ಲೋಸ್ಕರ್ 2022ರಲ್ಲಿ ಹೈಲಕ್ಸ್ ಪಿಕಪ್ಪನ್ನು ಆಟೋಮ್ಯಾಟಿಕ್ಕಿನಲ್ಲೂ ತಂದಿತು. ಅದು ಕೊಬ್ಬರಿ ಹೇರುವವರ ಗಾಡಿಯಲ್ಲ, ಬೆಲೆ ಕೇಳಿದರೇ ಗೊತ್ತಾಗುತ್ತದೆ. ಅದೇ ವರ್ಷ ಬಂದ ಬ್ಯಾಟರಿಯ ಏಸ್ ಈ ಚರ್ಚೆಗೆ ಹತ್ತಿರದ್ದು. ವಿದ್ಯುತ್ ಮೋಟರು ನಿಂತಲ್ಲಿಂದಲೇ ಪೂರ್ತಿ ಎಳೆಯುವುದರಿಂದ ಅದರಲ್ಲಿ ಕ್ಲಚ್ಚೂ ಇಲ್ಲ, ಬದಲಿಸಬೇಕಾದ ಗೇರೂ ಇಲ್ಲ. ಡ್ರೈವರಿನ ಕಾಲಿಗೆ ಯಾರೂ ಕೇಳದೆಯೇ ಬಿಡುವು ಸಿಕ್ಕಿತು. ಅದೂ ಹಿಂದಿನ ಚಕ್ರಗಳಿಗಷ್ಟೇ ಬಲ ಕೊಡುವ ಗಾಡಿ. ಹಾಗಾಗಿ ಬಯಲಿಗೆ ಒಗ್ಗೀತು. ಬೇಲೂರಿನ ಪಡುವಣದ ತೋಟಗಳಲ್ಲಿ ಹಳೆಯ ಫೋರ್‌ವೀಲ್ ಜೀಪಿಗೆ ಈಗಲೂ ಗಿರಾಕಿಗಳಿದ್ದಾರೆ.