ಇಲಿ ಬಿದ್ದ ಮನೆ

ಸಂಸ್ಕೃತದಲ್ಲಿ ಇಲಿಗೆ ಮೂಷಕ, ಮೂಷಿಕ ಎಂಬ ಹೆಸರುಗಳುಂಟು. ಕದಿಯುವುದೆಂಬ ಅರ್ಥದ ‘ಮುಷ್’ ಧಾತುವಿನಿಂದ ಈ ಪದಗಳು ಹುಟ್ಟಿದುವೆಂದು ವೈಯಾಕರಣರು ಹೇಳುವರು. ಮನುಷ್ಯನು ಧಾನ್ಯವನ್ನು ಕೂಡಿಡಲು ಕಲಿತಂದಿನಿಂದ ಈ ಕಳ್ಳನೂ ಅವನ ಮನೆಯ ಒಕ್ಕಲಾದನು. ನಮ್ಮ ಹಿರಿಯರು ಇಲಿಯನ್ನು ಕಳ್ಳನೆಂದೇ ಎಣಿಸಿ ಕಳ್ಳನಿಗೆ ತಕ್ಕ ಉಪಾಯಗಳನ್ನು ಮಾಡಿಕೊಂಡಿದ್ದರು. ಆ ಕಳ್ಳನೇ ಒಂದು ಕಾಲದಲ್ಲಿ ಯಮದೂತನಾಗಿ ಕಂಡಾಗ ಜನರೇನು ಮಾಡಿದರು, ಸರ್ಕಾರದವರೇನು ಮಾಡಿದರು ಎಂಬುದನ್ನು ಇಲ್ಲಿ ಕೊಂಚ ವಿಚಾರಿಸಬೇಕೆಂದಿದ್ದೇನೆ.

ಹಳೆಯ ಮನೆಗಳನ್ನು ಕಂಡವರಿಗೆ ಆ ಉಪಾಯಗಳ ಪರಿಚಯವಿರುವುದು. ಬಯಲುಸೀಮೆಯವರು ರಾಗಿ ಜೋಳಗಳನ್ನು ನೆಲದಡಿಯ ಹಗೇವಿನಲ್ಲಿ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಗಾಳಿಯಾಡದ ಆ ಕುಳಿಯಲ್ಲಿ ಹುಳುವಿಗೂ ಎಡೆಯಿಲ್ಲ, ಇಲಿಗೂ ಎಡೆಯಿಲ್ಲ. ಮನೆಯೊಳಗೆ ಕಣಜ, ವಾಡೆ, ಗುಡಾಣ. ಹಾಲು ಮೊಸರು ಬೆಣ್ಣೆಗಳಿಗೆ ತೊಲೆಯಿಂದ ಇಳಿಬಿಟ್ಟ ನೆಲುವು. ಇವುಗಳ ಜೊತೆಗೆ ಅಡಿಗೆಮನೆಯಲ್ಲಿ ಒಂದು ಬೆಕ್ಕು. ಅದು ಇಲಿ ಹಿಡಿದುದಕ್ಕಿಂತ ಹಾಲು ಕುಡಿದುದೇ ಹೆಚ್ಚೆಂಬ ಗೃಹಿಣಿಯರ ದೂರು ಬಹು ಪ್ರಾಚೀನವಾದುದಾಗಿರಬೇಕು. ಇಷ್ಟು ಕಾವಲಿಟ್ಟವರೇ ಭಾದ್ರಪದಮಾಸದಲ್ಲಿ ವಿಘ್ನೇಶ್ವರನ ಪಾದದ ಬಳಿ ಅದೇ ಇಲಿಯನ್ನು ಕೂರಿಸಿ ಪೂಜಿಸುತ್ತಿದ್ದರು. ಇದರಲ್ಲಿ ಯಾವ ವಿರೋಧವೂ ಅವರಿಗೆ ತೋರಲಿಲ್ಲ.

ರಾಜ್ಯಭಾರದ ಗ್ರಂಥಗಳಲ್ಲಿಯೂ ಇಲಿಗೆ ಸ್ಥಾನವಿದೆ. ಕೌಟಿಲ್ಯನ ಅರ್ಥಶಾಸ್ತ್ರವು ನಾಲ್ಕನೆಯ ಅಧಿಕರಣದಲ್ಲಿ ಬೆಂಕಿ, ನೀರು, ರೋಗ, ಕ್ಷಾಮ, ಹುಲಿ, ಹಾವು ಮೊದಲಾದ ಮಹಾಭಯಗಳ ಸಾಲಿನಲ್ಲಿಯೇ ಇಲಿಗಳನ್ನೂ ಎಣಿಸಿರುವುದು. ಇಲಿಯ ಹಾವಳಿ ಹೆಚ್ಚಿದಾಗ ಬೆಕ್ಕು ಮುಂಗುಸಿಗಳನ್ನು ಬಿಡಬೇಕು. ಅವುಗಳನ್ನು ಹಿಡಿದವನಿಗೂ ಕೊಂದವನಿಗೂ ೧೨ ಪಣ ದಂಡ. ಕಳ್ಳಿಯ ಹಾಲು ಸವರಿದ ಕಾಳನ್ನು ಎರಚಬೇಕು. ಪರ್ವದಿನಗಳಲ್ಲಿ ಇಲಿಗಳ ಪೂಜೆಯೂ ಆಗಬೇಕು. ಇವೆಲ್ಲಕ್ಕಿಂತ ಸ್ವಾರಸ್ಯವಾದುದು ‘ಮೂಷಿಕಕರ’ವೆಂಬ ವಿಧಿ: ಪ್ರಜೆಗಳು ಇಂತಿಷ್ಟು ಇಲಿಗಳನ್ನು ತಂದು ಒಪ್ಪಿಸುವಂತೆ ಅರಸನು ಕಟ್ಟು ಮಾಡಬಹುದು. ಕೊಲ್ಲುವುದು, ಪೂಜಿಸುವುದು, ತೆರಿಗೆ ಹಾಕುವುದು, ಮೂರೂ ಒಂದೇ ಪ್ರಕರಣದಲ್ಲಿ! ಈ ಗ್ರಂಥದ ಕಾಲವಾವುದೆಂಬ ವಿದ್ವಾಂಸರ ಚರ್ಚೆ ಪ್ರಕೃತಕ್ಕೆ ಬೇಕಾಗಿಲ್ಲ. ಅದು ಮತ್ತೆ ಬೆಳಕಿಗೆ ಬಂದ ಕಾಲ ಮಾತ್ರ ಗಮನಿಸತಕ್ಕುದು. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು ೧೯೦೫ರಲ್ಲಿ ಅದರ ಓಲೆಯ ಪ್ರತಿಯನ್ನು ಗುರುತಿಸಿ ೧೯೦೯ರಲ್ಲಿ ಮೂಲವನ್ನು ಅಚ್ಚಿಸಿದರು. ಸಂಸ್ಥಾನದಲ್ಲಿ ಇಲಿಯೆಂದರೆ ಜನರ ಎದೆ ನಡುಗುತ್ತಿದ್ದ ವರ್ಷಗಳು ಅವೇ.

ಏಕೆಂದರೆ ಅಷ್ಟು ಹೊತ್ತಿಗೆ ಪ್ಲೇಗು ಬಂದು ಕೆಲವು ವರ್ಷಗಳಾಗಿದ್ದುವು. ೧೮೯೪ರಲ್ಲಿ ಹಾಂಗ್‌ಕಾಂಗಿನಲ್ಲಿ ಯೆರ್ಸಿನ್ ಎಂಬ ವಿಜ್ಞಾನಿಯು ಆ ರೋಗದ ಕ್ರಿಮಿಯನ್ನು ಕಂಡುಹಿಡಿದನು. ೧೮೯೬ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿಯಲ್ಲಿ ಬೇನೆ ಪತ್ತೆಯಾಯಿತು. ಮಾಂಡವಿಯು ಧಾನ್ಯದ ಉಗ್ರಾಣಗಳ ಪೇಟೆಯೆಂಬುದು ನೆನಪಿನಲ್ಲಿರಲಿ. ಅಲ್ಲಿಂದ ಅದು ರೈಲಿನ ಹಾದಿ ಹಿಡಿದು ೧೮೯೮ರಲ್ಲಿ ಹುಬ್ಬಳ್ಳಿಯನ್ನೂ ಬೆಂಗಳೂರನ್ನೂ ಹೊಕ್ಕಿತು. ಮೊದಲಿನಿಂದ ಸುಮಾರು ಅರ್ಧ ಶತಮಾನದಲ್ಲಿ ಭಾರತದಲ್ಲಿ ಒಂದು ಕೋಟಿಗೂ ಮಿಕ್ಕಿ ಜನ ಈ ರೋಗದಿಂದ ಸತ್ತರು.

ಆಗ ಸರ್ಕಾರದವರು ಶತ್ರುವನ್ನು ಹುಡುಕಿದುದು ಮನುಷ್ಯರಲ್ಲಿ. ೧೮೯೭ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಶಾಸನವಾಯಿತು. ಅದರ ಬಲದಿಂದ ಮನೆ ಹೊಕ್ಕು ಶೋಧಿಸಿದರು. ರೋಗಿಯನ್ನು ಆಸ್ಪತ್ರೆಗೂ ಮನೆಯವರನ್ನು ಶಿಬಿರಕ್ಕೂ ಒಯ್ದರು. ರೈಲಿನಿಂದಿಳಿದ ಗಂಡಸರನ್ನೂ ಹೆಂಗಸರನ್ನೂ ನಿಲ್ಲಿಸಿ ಪರೀಕ್ಷಿಸಿದರು. ಹೆಂಚು ತೆಗೆದರು, ಗೋಡೆ ತೊಳೆದರು, ಬಟ್ಟೆಬರೆ ಸುಟ್ಟರು, ಎಷ್ಟೋ ಕಡೆ ಗುಡಿಸಲುಗಳನ್ನೇ ಸುಟ್ಟರು. ಇಲಿಯ ಕಾಟಕ್ಕೆ ಮನೆ ಸುಟ್ಟುಕೊಂಡರೆಂಬ ಗಾದೆಯನ್ನು ನಾವು ನಗುವುದಕ್ಕೆಂದು ಹೇಳುತ್ತೇವೆ. ಆ ದಿನ ಅದು ಅಕ್ಷರಶಃ ನಡೆದುಹೋಯಿತು. ಇದಿಷ್ಟನ್ನೂ ಮಾಡಿದವರು ಕೇವಲ ಕ್ರೂರಿಗಳೆಂದು ಹೇಳುವುದು ನ್ಯಾಯವಲ್ಲ. ರೋಗವು ಮನುಷ್ಯನಿಂದ ಮನುಷ್ಯನಿಗೆ, ಕೊಳೆಯಿಂದ ದೇಹಕ್ಕೆ ಬರುವುದೆಂದು ಅವರು ನಂಬಿದ್ದರು. ಆದರೆ ಆ ನಂಬಿಕೆಯ ಬೆಲೆಯನ್ನು ತೆತ್ತವರು ಬೇರೆಯವರು. ಪುಣೆಯಲ್ಲಿ ಜನರ ಕೋಪವು ೧೮೯೭ರ ಜೂನ್ ೨೨ರ ರಾತ್ರಿ ಪ್ಲೇಗು ಸಮಿತಿಯ ಅಧ್ಯಕ್ಷ ರ‍್ಯಾಂಡನ ಮೇಲೆ ಗುಂಡು ಹಾರುವವರೆಗೂ ಹೋಯಿತು.

ಇತ್ತ ಜನರು ತಾವಾಗಿಯೇ ಒಂದು ನಿಯಮವನ್ನು ಕಂಡುಕೊಂಡಿದ್ದರು. ಅದು ಎರಡೇ ಮಾತಿನದು: ‘ಇಲಿ ಬಿತ್ತು.’ ಮನೆಯ ಕಪ್ಪಿಲಿಯು ಅಟ್ಟದ ಮೇಲೆ, ಹೆಂಚಿನ ಸಂದಿನಲ್ಲಿ ವಾಸಿಸುವ ಪ್ರಾಣಿ. ರೋಗ ತಗುಲಿದ ಇಲಿಯು ಮತ್ತುಬಂದಂತೆ ತೂರಾಡುತ್ತ ಅಲ್ಲಿಂದ ಹಜಾರಕ್ಕೋ ಅಡಿಗೆಮನೆಗೋ ಬಿದ್ದು ಸಾಯುತ್ತಿತ್ತು. ಒಂದು ಇಲಿ ಬಿದ್ದಿತೆಂದರೆ ಬೀದಿಗೆ ಬೀದಿಯೇ ಪಾತ್ರೆ ಪಗಡಿ ಕಟ್ಟಿಕೊಂಡು ಊರ ಹೊರಗಣ ಹೊಲ ತೋಪುಗಳಲ್ಲಿ ಜೋಪಡಿ ಹಾಕಿಕೊಳ್ಳುತ್ತಿತ್ತು. ಇದು ಯಾವ ಪುಸ್ತಕದಿಂದಲೂ ಕಲಿತ ವಿದ್ಯೆಯಲ್ಲ. ಪ್ಲೇಗಮ್ಮನಿಗೆ ಗುಡಿ ಕಟ್ಟಿದ ಜನರೇ ಈ ಲೆಕ್ಕವನ್ನೂ ಕಂಡುಕೊಂಡರು.

ಆ ಲೆಕ್ಕ ಸರಿಯೆಂಬುದಕ್ಕೆ ಶಾಸ್ತ್ರದ ಸಾಕ್ಷ್ಯ ನಿಧಾನವಾಗಿ ಬಂದಿತು. ೧೮೯೮ರ ಜೂನ್ ೨ರಂದು ಕರಾಚಿಯಲ್ಲಿ ಪಾಲ್ ಲೂಯಿ ಸಿಮೋಂ ಎಂಬ ಫ್ರೆಂಚ್ ವೈದ್ಯನು ಚಿಗಟಗಳಿಂದ ಕೂಡಿದ ಒಂದು ರೋಗಿಷ್ಠ ಇಲಿಯನ್ನು ಗಾಜಿನ ಪಾತ್ರೆಯಲ್ಲಿಟ್ಟು, ಆರೋಗ್ಯವಂತ ಇಲಿಯೊಂದನ್ನು ಬಲೆಯ ಪಂಜರದಲ್ಲಿ ಅದರೊಳಕ್ಕೆ ಬಿಟ್ಟನು. ಎರಡೂ ಒಂದನ್ನೊಂದು ಮುಟ್ಟುವಂತಿರಲಿಲ್ಲ. ಚಿಗಟ ಮಾತ್ರ ದಾಟಬಹುದಾಗಿತ್ತು. ಕೆಲವು ದಿನಗಳಲ್ಲಿ ಎರಡನೆಯದೂ ಪ್ಲೇಗಿನಿಂದ ಸತ್ತಿತು. ಅವನ ಮಾತಿಗೆ ಆ ಕಾಲದ ಪ್ಲೇಗು ಕಮಿಷನ್ನಿನವರು ಬೆಲೆ ಕೊಡಲಿಲ್ಲ. ೧೯೦೫ರಲ್ಲಿ ನೇಮಕವಾದ ಮತ್ತೊಂದು ಸಂಶೋಧನ ಮಂಡಲಿಯವರು ಮುಂಬಯಿಯ ಪ್ಲೇಗು ಮನೆಗಳಲ್ಲಿ ಗಿನಿ ಹಂದಿಗಳೆಂಬ ಪುಟ್ಟ ಪ್ರಾಣಿಗಳನ್ನಿಟ್ಟು ಪರೀಕ್ಷಿಸಿದರು. ನೆಲದ ಮೇಲೆ ಬಿಟ್ಟುವಕ್ಕೂ, ನೆಲದಿಂದ ೨ ಅಂಗುಲ ಮೇಲೆ ತೂಗಿದ ಪಂಜರದಲ್ಲಿದ್ದುವಕ್ಕೂ ರೋಗ ತಗುಲಿತು. ೨ ಅಡಿ ಮೇಲೆ ತೂಗಿದುವಕ್ಕೆ ತಗುಲಲಿಲ್ಲ. ಚಿಗಟವು ಅಷ್ಟೆತ್ತರ ನೆಗೆಯಲಾರದು. ಹಾಲಿನ ನೆಲುವನ್ನು ಇಲಿಗೆ ಎಟುಕದಂತೆ ತೂಗುಹಾಕಿದ ನಮ್ಮ ಅಜ್ಜಿಯರು ಈ ಪಂಜರಗಳನ್ನು ಕಂಡಿದ್ದರೆ ಕೂಡಲೆ ಅರ್ಥಮಾಡಿಕೊಳ್ಳುತ್ತಿದ್ದರು.

ಅವರೇ ಗುರುತಿಸಿದ ಇನ್ನೊಂದು ಸಂಗತಿ ಹೆಚ್ಚು ಮುಖ್ಯವಾದುದು. ಮೊದಲು ಚರಂಡಿಯ ಕಂದಿಲಿಗಳು ಸಾಯುವುವು. ಸುಮಾರು ೧೦ ದಿನಗಳ ಮೇಲೆ ಮನೆಯ ಕಪ್ಪಿಲಿಗಳು. ಮನುಷ್ಯರ ಸರದಿ ಬರುವುದು ಮತ್ತೆ ೧೦ರಿಂದ ೧೪ ದಿನಗಳಾದ ಮೇಲೆ. ಸತ್ತ ಇಲಿಯ ಮೈ ತಣ್ಣಗಾದೊಡನೆ ಚಿಗಟಗಳು ಅದನ್ನು ಬಿಟ್ಟು ಹಸಿದು ಬೇರೆ ಇಲಿಯನ್ನು ಅರಸುವುವು. ಇಲಿಗಳು ಮುಗಿದಾಗ ಮನುಷ್ಯನನ್ನು ಕಚ್ಚುವುವು. ಹೀಗೆ ಇಲಿಯ ಸಾವಿಗೂ ಮನುಷ್ಯನ ಸಾವಿಗೂ ನಡುವೆ ಎರಡು ವಾರಗಳ ಅವಕಾಶವಿತ್ತು. ‘ಇಲಿ ಬಿತ್ತು’ ಎಂದೊಡನೆ ಹೊರಟವರು ಆ ಅವಕಾಶದಲ್ಲಿ ಬದುಕಿಕೊಂಡರು. ಹೊರಡಲಾರದವರು? ತೋಟವೂ ಬಂಡಿಯೂ ಉಳ್ಳ ಗೃಹಸ್ಥನು ಜೋಪಡಿಯಲ್ಲಿ ಎರಡು ತಿಂಗಳು ಕಳೆಯಬಲ್ಲನು. ದಿನಗೂಲಿಯವನಿಗೆ ಪೇಟೆಯನ್ನು ಬಿಟ್ಟರೆ ಅನ್ನವಿಲ್ಲ, ಬೀಗ ಹಾಕಿದ ಮನೆಗೆ ಕಳ್ಳರ ಭಯ ಬೇರೆ. ಪ್ಲೇಗಿನ ಚರಿತ್ರೆಯನ್ನು ಬರೆಯುವವರು ಈ ಭೇದವನ್ನು ಸಾಮಾನ್ಯವಾಗಿ ಒಂದು ವಾಕ್ಯದಲ್ಲಿ ದಾಟಿಬಿಡುವರು.

ಇಲಿಯೇ ಮೂಲವೆಂದು ತಿಳಿದ ಮೇಲೆ ಅದನ್ನು ಕೊಲ್ಲುವ ಉತ್ಸಾಹ ಹುಟ್ಟಿತು. ಬೋನುಗಳು ಬಂದುವು, ಪಾಷಾಣ ಬಂದಿತು, ಹಿಡಿದ ಇಲಿಗೆ ಇನಾಮು ಬಂದಿತು. ೧೯೦೮ರಲ್ಲಿ ಅಮರಾವತಿಯ ವೈದ್ಯಾಧಿಕಾರಿ ಬ್ಯೂಕನನ್ ಎಂಬವರು ಬೆಕ್ಕು ಸಾಕಿದ ಕಡೆ ಪ್ಲೇಗು ಕಡಿಮೆಯೆಂದು ಬರೆದರು. ಕೌಟಿಲ್ಯನ ಬೆಕ್ಕುಗಳು ಮರುವರ್ಷವೇ ಮೈಸೂರಿನಲ್ಲಿ ಅಚ್ಚಾಗಿ ಹೊರಬಿದ್ದುದು ಕಾಕತಾಳೀಯ. ಆದರೆ ಬೆಕ್ಕಿಗೂ ಪ್ಲೇಗು ತಗುಲುವುದುಂಟು. ಇನ್ನು ಕೊಲ್ಲುವ ಮಾತು: ಇಲಿಯು ಮೂರು ವಾರಗಳ ಗರ್ಭದಲ್ಲಿ ಆರೆಂಟು ಮರಿಗಳನ್ನು ಹಾಕುವ ಜಾತಿ. ಅನ್ನವೂ ಬಿಲವೂ ಇದ್ದಷ್ಟು ಕಾಲ, ಸತ್ತುದರ ಸ್ಥಾನವನ್ನು ಮತ್ತೊಂದು ತುಂಬುವುದು. ಬೇನೆ ಬಂದ ಮನೆಯಲ್ಲಿಯಂತೂ ಇಲಿಯನ್ನು ಬಡಿದು ಕೊಂದರೆ ಅದರ ಚಿಗಟಗಳನ್ನು ನಾವೇ ಮೈಮೇಲೆ ಕರೆದುಕೊಂಡಂತಾಗುವುದು.

ಕಟ್ಟಕಡೆಗೆ ವಿಚಾರವು ಇಲಿಯನ್ನು ಬಿಟ್ಟು ಮನೆಯ ಮೇಲೆ ತಿರುಗಿತು. ಬೆಂಗಳೂರಿನ ಇಕ್ಕಟ್ಟಾದ ಪೇಟೆಯಿಂದ ಜನರು ಬಸವನಗುಡಿ, ಮಲ್ಲೇಶ್ವರಗಳ ಹೊಸ ಬಡಾವಣೆಗಳಿಗೆ ಹೋಗತೊಡಗಿದುದು ಪ್ಲೇಗಿನ ಬಳಿಕವೇ. ದಂಡಿನ ಪ್ರದೇಶದಲ್ಲಿ ೧೯೧೦ರ ವೇಳೆಗೆ ಸಿದ್ಧವಾದ ಫ್ರೇಸರ್ ಟೌನನ್ನು ಇಲಿ ಸೇರಲಾರದ ಊರಾಗಬೇಕೆಂದೇ ಯೋಜಿಸಿದ್ದರು, ಜೆ. ಎಚ್. ಸ್ಟೀಫನ್ಸ್ ಎಂಬವರು ಆ ವಿಷಯವಾಗಿ ೧೯೧೪ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದರು. ಗಟ್ಟಿಯಾದ ನೆಲ, ಬಿಲ ತೋಡಲಾಗದ ಗೋಡೆ, ಬೆಳಕು ಗಾಳಿ, ಮನೆಮನೆಗೂ ನಡುವೆ ತೆರಪು, ಧಾನ್ಯಕ್ಕೆ ಭದ್ರವಾದ ಮುಚ್ಚಳ: ಇವುಗಳ ಮುಂದೆ ಬೋನು ಪಾಷಾಣಗಳು ಅಲ್ಪವಾದುವು. ಇವುಗಳಲ್ಲಿ ಕಡೆಯದು ಹಗೇವು ತೋಡಿದವರಿಗೆ ಹೊಸದಾಗಿರಲಿಲ್ಲ. ಮಿಕ್ಕುವು ಹಣವಿದ್ದವರಿಗೆ ಮೊದಲು ದೊರೆತುವು.

ಮುಂದೆ ಕೀಟನಾಶಕಗಳೂ ಹೊಸ ಔಷಧಗಳೂ ಬಂದು ರೋಗವು ಇಳಿಮುಖವಾಯಿತು. ೧೯೬೬ರಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲ ಕಡೆ ಅದು ಕಾಣಿಸಿಕೊಂಡ ಮೇಲೆ ೧೯೯೪ರಲ್ಲಿ ಸೂರತ್ ಪಟ್ಟಣದ ಸುದ್ದಿ ಬರುವವರೆಗೆ ದೇಶವು ಅದನ್ನು ಮರೆತಂತಿತ್ತು. ಕೋಲಾರ ಬೆಂಗಳೂರುಗಳ ಸುತ್ತಿನ ಹಳ್ಳಿಗಳಲ್ಲಿ ಮಾತ್ರ, ಸರ್ಕಾರದ ಪರೀಕ್ಷಕರು ಬೋನಿಟ್ಟು ಇಲಿಗಳನ್ನು ಹಿಡಿದು, ಅವುಗಳ ಮೈಯ ಚಿಗಟಗಳನ್ನು ಬಾಚಿ ಎಣಿಸಿ, ರಕ್ತವನ್ನು ಪರೀಕ್ಷಿಸುವ ಕೆಲಸವನ್ನು ಮುಂದುವರಿಸಿಕೊಂಡು ಬಂದರು. ಊರವರ ಮನೆಯಲ್ಲಿ ಎಲ್ಲಿಯಾದರೂ ಇಲಿ ಬಿದ್ದಿತೆ ಎಂದೂ ಅವರು ವಿಚಾರಿಸುತ್ತಿದ್ದರು.